ಡ್ರಾಯಿಂಗ್ ಮಾಸ್ತರರ ಯುದ್ಧವಿಮಾನ

ಪ್ರತಿವರ್ಷ ಬೇಸಿಗೆಗೆ ಮುಂಚೆ ಬ್ಯಾಡಗಿಯಿಂದ ನಮ್ಮ ಮನೆಗೆ ಒಂದು ಸಣ್ಣ ಚೀಲ ಮೆಣಸಿನಕಾಯಿ ಬರುತ್ತದೆ. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಆ ಶಾಲೆಯ ಜವಾನರಾಗಿದ್ದವರ ಮಗ ತಂದುಕೊಡುತ್ತಾನೆ. ಈ ಸಲ ಚೀಲ ಇಳಿಸಿ, ಚಹಾ ಕುಡಿದು, ಊರ ಸುದ್ದಿಯೆಲ್ಲ ಹೇಳಿ ಮುಗಿಸಿ, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಡ್ರಾಯಿಂಗ್ ಮಾಸ್ತರು ತೀರಿಕೊಂಡರು ಎಂದ. ಆಗಲೇ ಹದಿನೈದು ದಿನ ಕಳೆದಿತ್ತಂತೆ. ಇಂಥ ಸುದ್ದಿಯನ್ನು ಹೊಸ್ತಿಲ ಮೇಲೆ ನಿಂತು ಹೇಳುತ್ತಾರೇನೋ ಎಂದು ನಾನು ಅವನನ್ನೇ ಬೈದೆ. ಅವನು ಹೋದ ಮೇಲೆ ಬಹಳ ಹೊತ್ತು ಆ ಚೀಲವನ್ನು ಬಿಚ್ಚಲಿಲ್ಲ. ಆ ಮನುಷ್ಯ ಒಂದು ಕಡೆ ಸುಮ್ಮನೆ ಮಲಗಿದ್ದಾರೆ ಎಂಬುದನ್ನು ಎಷ್ಟು ಪ್ರಯತ್ನಪಟ್ಟರೂ ನನಗೆ ಕಲ್ಪಿಸಿಕೊಳ್ಳಲು ಆಗಲಿಲ್ಲ.

ಅವರು ಆರಡಿಯ ಆಳು. ಸ್ಟಾಫ್ ರೂಮಿನ ಬೆಂಚಿನಲ್ಲಿ ಕುಳಿತರೆ ಮೊಣಕಾಲು ಮೇಜಿಗೆ ತಾಗುತ್ತಿತ್ತು, ಹಾಗಾಗಿ ಕೂರುತ್ತಲೇ ಇರಲಿಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಎಲ್ಲರ ಪೆನ್ಸಿಲು ಕೆತ್ತಿಕೊಡುವರು, ಕಿಟಕಿಯ ಕೊಂಡಿಗೆ ಎಣ್ಣೆ ಬಿಡುವರು, ಹಾಜರಿ ಪುಸ್ತಕದ ಕಿತ್ತ ಹೊಲಿಗೆ ಹಾಕುವರು. ಗೋಡೆಯ ಗಡಿಯಾರ ಚೆನ್ನಾಗಿಯೇ ನಡೆಯುತ್ತಿತ್ತು. ಅದನ್ನು ಇಳಿಸಿ ಬಿಚ್ಚಿ ಜೋಡಿಸಿದರು. ಜೋಡಿಸಿದ ಮೇಲೂ ಚೆನ್ನಾಗಿಯೇ ನಡೆಯಿತು. ನಡುವಿನ ಒಂದು ವಾರ ಮಾತ್ರ ಯಾವ ಪೀರಿಯಡ್ಡು ಯಾವಾಗ ಮುಗಿಯುತ್ತದೆಂದು ಯಾರಿಗೂ ತಿಳಿಯಲಿಲ್ಲ. ಅವರ ಹೆಂಡತಿ ಒಮ್ಮೆ ನನ್ನ ಮುಂದೆ, ಇವರು ಒಂದು ಕಡೆ ಕುಂತರೆ ನನಗೆ ಹೆದರಿಕೆಯಾಗುತ್ತದೆ, ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತೇನೆ ಎಂದಿದ್ದರು.

ನಾನು ಹಾವೇರಿಯವಳು. ದಿನಾಲೂ ಬೆಳಿಗ್ಗೆ ಬಸ್ಸು ಹಿಡಿದು, ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಬಸ್ಸು ಬದಲಿಸಿ ಬ್ಯಾಡಗಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಹಿಡಿದ ಕೆಲಸವನ್ನು ಮುಗಿಸಿಯೇ ಮೇಲೇಳುವ ಸ್ವಭಾವ ನನ್ನದು. ಅರ್ಧಕ್ಕೆ ಬಿಟ್ಟ ಹೆಣಿಗೆ, ಅರ್ಧ ಒರೆಸಿದ ಬೋರ್ಡು ಕಂಡರೆ ಮೈ ಉರಿಯುತ್ತದೆ. ಅಂಥವಳಿಗೆ ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಇಂಥ ಮನುಷ್ಯ ಸಹೋದ್ಯೋಗಿಯಾಗಿ ಸಿಕ್ಕರು. ಎಷ್ಟೋ ವರ್ಷಗಳಿಂದ ಮನೆಯ ಹಿಂದಿನ ಪಡಸಾಲೆಯಲ್ಲಿ ಒಂದು ವಿಮಾನ ಮಾಡುತ್ತಿದ್ದರು, ಅದು ಮುಗಿಯುತ್ತಲೇ ಇರಲಿಲ್ಲ.

ಮಕ್ಕಳ ಆಟಿಕೆ ಎಂದುಕೊಳ್ಳಬೇಡಿ. ಎರಡು ರೆಕ್ಕೆಗಳ ಅಳತೆ ಸೇರಿ ನನ್ನ ಎತ್ತರದಷ್ಟಿತ್ತು. ಮೂಗಿನಲ್ಲಿ ನಿಜವಾದ ಸಣ್ಣ ಇಂಜಿನ್ನು. ನೆಲದ ಮೇಲೆ ನಿಂತವರು ಎರಡು ಕಡ್ಡಿಗಳಿರುವ ಒಂದು ರೇಡಿಯೊ ಪೆಟ್ಟಿಗೆ ಹಿಡಿದು, ಹೆಬ್ಬೆರಳಿನಿಂದ ಕಡ್ಡಿ ಸರಿಸಿದರೆ ಮೇಲೆ ಹಾರುವ ವಿಮಾನ ಅತ್ತ ಇತ್ತ ತಿರುಗಬೇಕು. ಇಂಜಿನ್ನನ್ನೂ ಆ ಪೆಟ್ಟಿಗೆಯನ್ನೂ ತಂದುಕೊಟ್ಟವನು ಅವರ ಹಳೆಯ ವಿದ್ಯಾರ್ಥಿ. ಹಡಗಿನಲ್ಲಿ ಕೆಲಸಕ್ಕೆ ಸೇರಿ ದೇಶದೇಶ ತಿರುಗಿ, ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬರುತ್ತಿದ್ದ. ನಾವೆಲ್ಲ ಅವನನ್ನು ಹಡಗಿನವನು ಎಂದೇ ಕರೆಯುತ್ತಿದ್ದೆವು.

ಇದರ ಮೂಲ ಕುಪ್ಪೇಲೂರಿನಲ್ಲಿದೆ. ಮಾಸ್ತರರು ಹುಟ್ಟಿ ಬೆಳೆದ ಊರು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅವರಿನ್ನೂ ಹುಡುಗ, ಒಂದು ಯುದ್ಧವಿಮಾನ ದಾರಿ ತಪ್ಪಿ, ಎಣ್ಣೆ ತೀರಿ, ಅವರ ಹೊಲದ ಪಕ್ಕದ ಬೀಳು ನೆಲದಲ್ಲಿ ಇಳಿದಿತ್ತಂತೆ. ಊರಿಗೆ ಊರೇ ಓಡಿಹೋಗಿ ದೂರ ನಿಂತಿತು. ಒಳಗಿಂದ ಇಳಿದವನು ಆಗಷ್ಟೇ ಮೀಸೆ ಮೂಡಿದ ತರುಣ. ಇವರ ತಾಯಿ ಕೊಟ್ಟ ಮಜ್ಜಿಗೆಯನ್ನು ನಿಂತಲ್ಲೇ ಒಂದು ತಂಬಿಗೆ ಕುಡಿದು ಇನ್ನೊಂದು ತಂಬಿಗೆ ಕೇಳಿದ. ಆ ಹೊತ್ತಿನಲ್ಲಿ ಇವರು ಮೆಲ್ಲಗೆ ಹೋಗಿ ವಿಮಾನದ ಹಿಂಭಾಗವನ್ನು ಮುಟ್ಟಿ ನೋಡಿದರು. ಕಬ್ಬಿಣ ಇರಬಹುದು ಎಂದುಕೊಂಡಿದ್ದರೆ ಕೈಗೆ ಬಟ್ಟೆ ಸಿಕ್ಕಿತು.

“ಬಟ್ಟಿ ಇತ್ರಿ ಬಾಯಾರ,” ಎಂದು, ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವಂತೆ ಕರೆದು, ಅವರು ನನಗೆ ಹೇಳುವಾಗಲೂ ಬೆರಳನ್ನು ಉಜ್ಜಿಕೊಳ್ಳುತ್ತಿದ್ದರು. “ನಮ್ಮ ಅಂಗಿ ಬಟ್ಟಿ ಇದ್ದಂಗ. ಬಣ್ಣಾ ಬಳದು ಬಿಗದು ಕಟ್ಟಿದ್ರು. ಅಂವಾ ಹಾರಿ ಹೋದ ಮ್ಯಾಲೆ ನನಗ ಊಟ ಸೇರಲಿಲ್ಲ.”

ಮರುದಿನ ಲಾರಿಯಲ್ಲಿ ಎಣ್ಣೆ ಬಂದು ವಿಮಾನ ಹೋಯಿತು. ಅದು ಹರಿಕೇನ್ ಎಂಬ ಜಾತಿಯದೆಂದು ಇವರಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ರಾಣೆಬೆನ್ನೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಮಾಸಪತ್ರಿಕೆಯ ಚಿತ್ರ ನೋಡಿ.

ಹಾಗಾಗಿ ಅವರದು ಯಾವುದೋ ಒಂದು ಹರಿಕೇನ್ ಆದರೆ ಸಾಲದು, ಕುಪ್ಪೇಲೂರಿನಲ್ಲಿ ಇಳಿದದ್ದೇ ಆಗಬೇಕು. ಬಾಲದ ಹತ್ತಿರ ಬಟ್ಟೆ ಹರಿದು ತೇಪೆ ಹಾಕಿದ್ದರಂತೆ, ಆ ತೇಪೆ ಇವರ ವಿಮಾನದಲ್ಲೂ ಬಂತು. ಹೊಗೆ ಬಿಡುವ ಕೊಳವೆಗಳನ್ನು ಖಾಲಿ ಬಾಲ್‌ಪೆನ್ನಿನಿಂದ ಮಾಡಿದರು. ಮೊಳೆಯ ತಲೆಗಳು ಕಾಣಬೇಕೆಂದು ಇಂಜೆಕ್ಷನ್ ಸೂಜಿಯಿಂದ ಅಂಟಿನ ಹನಿ ಹನಿ ಇಟ್ಟರು. ಒಳಗೆ ಕೂರಿಸಿದ ಗೊಂಬೆಯ ಮೀಸೆಯನ್ನು ದಪ್ಪ ಮಾಡಿ, ಇಲ್ಲ ತೆಳುವಾಗಿತ್ತು ಎಂದು ಅಳಿಸಿ, ಮತ್ತೆ ದಪ್ಪ ಮಾಡಿದರು. ಮುಗಿಯಿತು ಎಂದು ನನ್ನನ್ನು ಕರೆದು ತೋರಿಸಿದ ಮರುದಿನವೇ ಒಂದು ಕಡೆಯಿಂದ ಬಿಚ್ಚತೊಡಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿದರೆ, ಇನ್ನೊಂದು ಸ್ವಲ್ಪ ಬಾಯಾರ, ಇನ್ನೊಂದು ಸ್ವಲ್ಪ ಎನ್ನುತ್ತಿದ್ದರು.

ಹೊರದೇಶದಲ್ಲಿ ಇಂಥ ವಿಮಾನಕ್ಕೆ ಬಾಲ್ಸಾ ಎಂಬ ಹಗುರ ಕಟ್ಟಿಗೆ ಬಳಸುತ್ತಾರೆ. ಬ್ಯಾಡಗಿಯಲ್ಲಿ ಅದೆಲ್ಲಿ ಸಿಗಬೇಕು. ಹೊಲದ ಬದುವಿನ ಕತ್ತಾಳೆ ಹೂಬಿಟ್ಟು ಸತ್ತ ಮೇಲೆ ಅದರ ನಡುವೆ ಒಂದು ಉದ್ದನೆಯ ಕಂಬ ಒಣಗಿ ನಿಂತಿರುತ್ತದೆ, ಅದನ್ನು ಸೀಳಿದರೆ ಒಳಗೆ ಬೆಂಡಿನಂಥ ಹಗುರ ತಿರುಳು. ಮಾಸ್ತರರು ಸೈಕಲ್ಲಿನ ಮೇಲೆ ಕತ್ತಾಳೆ ಕಂಬ ಹೇರಿಕೊಂಡು ಬರುವುದನ್ನು ನೋಡಿ ಜನ ನಗುತ್ತಿದ್ದರು. ಮೊದಲ ಜೊತೆ ರೆಕ್ಕೆ ಆ ತಿರುಳಿನಿಂದಲೇ ಆಯಿತು. ಅದನ್ನು ಇಡಲು ಮನೆಯಲ್ಲಿ ಜಾಗವಿಲ್ಲ. ಮನೆಯ ಮಾಲೀಕರು ಮೆಣಸಿನಕಾಯಿ ವ್ಯಾಪಾರಿ. ತಮ್ಮ ದಾಸ್ತಾನು ಕೋಣೆಯ ಅಟ್ಟದ ಮೇಲೆ ಇಡಿರಿ, ಆ ಘಾಟಿಗೆ ಇಲಿ ಹುಳ ಯಾವುದೂ ಹತ್ತಿರ ಸುಳಿಯುವುದಿಲ್ಲ ಎಂದು ಅವರೂ ಹೇಳಿದರು, ಇವರೂ ನಂಬಿದರು. ಮೂರು ತಿಂಗಳ ಮೇಲೆ ರೆಕ್ಕೆ ಇಳಿಸಿದರೆ ಕೈಗೆ ಹಿಟ್ಟು ಬಂತು. ಒಣಮೆಣಸಿನಕಾಯಿಯನ್ನೇ ತಿಂದು ಬದುಕುವ ಒಂದು ಸಣ್ಣ ಹುಳ ಉಂಟು, ಅದಕ್ಕೆ ಕತ್ತಾಳೆ ತಿರುಳು ಹಬ್ಬದೂಟವಾಗಿತ್ತು. ಊರಿಗೆಲ್ಲ ಮೆಣಸಿನಕಾಯಿ ಮಾರುವವರಿಗೆ ತಮ್ಮ ಮೆಣಸಿನಕಾಯಿಗೂ ಹುಳ ಬೀಳುತ್ತದೆಂದು ಆ ಹೊತ್ತಿಗೆ ನೆನಪಾಗಲಿಲ್ಲ ನೋಡಿ.

ಎರಡನೆಯ ಜೊತೆ ರೆಕ್ಕೆ ಮಾಡಿದರು. ಆಮೇಲೆ ಇಂಜಿನ್ನಿನ ಎಣ್ಣೆಯ ಗಲಾಟೆ. ಅದಕ್ಕೆ ಸ್ಪಿರಿಟ್ಟಿನೊಂದಿಗೆ ಔಡಲೆಣ್ಣೆ, ಭೇದಿಗೆ ಕುಡಿಯುವ ಆ ಹರಳೆಣ್ಣೆ, ಬೆರೆಸಬೇಕು. ಔಡಲೆಣ್ಣೆಯನ್ನು ಬಾಟಲಿಗಟ್ಟಲೆ ಒಯ್ಯುವುದನ್ನು ನೋಡಿ ಅಂಗಡಿಯವರು, ಮಾಸ್ತರ, ಡಾಕ್ಟರರನ್ನು ಕಂಡು ಬರುವುದು ಒಳ್ಳೆಯದು ಎಂದು ಬುದ್ಧಿ ಹೇಳಿದರಂತೆ. ಮೊದಲ ಸಲ ಇಂಜಿನ್ನು ಸುರುಮಾಡಿದ್ದು ಸುಗ್ಗಿಯ ಕಾಲದಲ್ಲಿ, ಮನೆಯ ಮುಂದಿನ ಓಣಿಯಲ್ಲಿ. ಎರಡೂ ಬದಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ವಿಮಾನದ ಮೂಗಿನ ಫ್ಯಾನು ಭರ್ರೆಂದು ತಿರುಗಿದ್ದೇ ತಡ, ನೆಲದ ಮೇಲಿನ ಖಾರದ ಧೂಳೆಲ್ಲ ಎದ್ದಿತು. ಓಣಿ ತುಂಬ ಸೀನು, ಕೆಮ್ಮು, ಬೈಗುಳ. ನನ್ನ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಮಾಸ್ತರರು ಮಾತ್ರ ಮೂಗಿಗೆ ಹೆಗಲ ಮೇಲಿನ ವಲ್ಲಿ ಕಟ್ಟಿಕೊಂಡು ಇಂಜಿನ್ನಿನ ಪಕ್ಕ ಬಗ್ಗಿ, ಸದ್ದು ಸರಿಯಾಗಿದೆಯೇ ಎಂದು ಕಿವಿಗೊಟ್ಟಿದ್ದರು.

ಒಂದು ಭಾನುವಾರ ನಾನು ಹತ್ತನೆಯ ತರಗತಿಗೆ ಹೆಚ್ಚಿನ ಪಾಠ ಇಟ್ಟುಕೊಂಡು ಬ್ಯಾಡಗಿಗೆ ಹೋಗಿದ್ದೆ. ಪಾಠ ಮುಗಿಸಿ ಪ್ರಯೋಗಶಾಲೆಯ ಕಿಟಕಿ ಮುಚ್ಚುವ ಹೊತ್ತಿಗೆ ಮಾಸ್ತರರು ಒಳಗೆ ಬಂದರು. ಕೈಯಲ್ಲಿ ಎರಡು ಬಣ್ಣದ ಡಬ್ಬಿ. ಅವುಗಳ ಮೇಲಿನ ಹೆಸರಿನ ಚೀಟಿಗಳು ಟರ್ಪೆಂಟೈನಿನಲ್ಲಿ ನೆನೆದು ಕಿತ್ತುಹೋಗಿದ್ದವು. ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

“ಬಾಯಾರ, ಇದರಾಗ ಹಸರು ಯಾವುದ್ರಿ?”

ಒಂದು ಕಡುಹಸಿರು, ಇನ್ನೊಂದು ಮಣ್ಣಿನ ಕಂದು. ವಿಮಾನದ ಬೆನ್ನಿನ ಮೇಲೆ ಎರಡನ್ನೂ ಪಟ್ಟೆ ಪಟ್ಟೆಯಾಗಿ ಬಳಿಯಬೇಕಿತ್ತು. ಒಂದನೆಯ ತರಗತಿಯ ಹುಡುಗರಿಗೆ ಕೇಳುವ ಪ್ರಶ್ನೆಯನ್ನು ನನಗೆ ಕೇಳುತ್ತೀರಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಹಿಂದೆ ತಿರುಗಿ ಬಾಗಿಲು ಮುಚ್ಚಿದರು.

“ನನಗ ಎರಡೂ ಒಂದ ಕಾಣ್ತಾವ್ರಿ,” ಅಂದರು. “ಹುಟ್ಟಿದಾಗಿಂದ.”

ನಾನು ಪ್ರತಿವರ್ಷ ಬೋರ್ಡಿನ ಮೇಲೆ ತಾಯಿ ತಂದೆ ಮಕ್ಕಳ ಗೆರೆ ಎಳೆದು ವರ್ಣಾಂಧತೆ ಎಂದು ಬರೆದು ಪಾಠ ಹೇಳುತ್ತಿದ್ದವಳು. ಕೆಲವರಿಗೆ ಕೆಂಪು ಹಸಿರಿನ ಭೇದ ತಿಳಿಯುವುದಿಲ್ಲ ಎಂದು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಅದು ನನ್ನೆದುರು ದಿನಾಲೂ ಚಹಾ ಕುಡಿಯುತ್ತ ನಿಂತಿರುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅವತ್ತು ಅವರು ಎಲ್ಲವನ್ನೂ ಹೇಳಿದರು, ಪ್ರಯೋಗಶಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ವಾಯುಸೇನೆ ಸೇರಬೇಕೆಂದು ಬೆಂಗಳೂರಿಗೆ ಹೋಗಿದ್ದರು. ಓಟ, ಲೆಕ್ಕ ಎಲ್ಲದರಲ್ಲೂ ಪಾಸು. ಕೊನೆಗೆ ಡಾಕ್ಟರರು ಬಣ್ಣದ ಚುಕ್ಕಿಗಳ ಒಂದು ಪುಸ್ತಕ ತೆರೆದು ಇದರೊಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಇವರಿಗೆ ಬರೀ ಚುಕ್ಕಿ ಕಂಡವು. ಮುಂದೆ ನಿಂತಿದ್ದವನು ಪಟಪಟ ಅಂಕಿ ಹೇಳಿದ್ದನ್ನು ಕೇಳಿ, ಅವನೂ ಡಾಕ್ಟರರೂ ಸೇರಿ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡಿದ್ದರಂತೆ. ಊರಿಗೆ ಬಂದು, ಎತ್ತರ ಸಾಲಲಿಲ್ಲ, ಅದಕ್ಕೇ ತೆಗೆದುಕೊಳ್ಳಲಿಲ್ಲ ಎಂದು ಹೇಳಿದರು. ಊರಿನಲ್ಲೇ ಎತ್ತರದ ಆಳು ಹೇಳಿದ ಆ ಸುಳ್ಳನ್ನು ಕುಪ್ಪೇಲೂರಿನ ಜನ ಹೇಗೆ ನಂಬಿದರೋ ದೇವರೇ ಬಲ್ಲ. ವಾಯುಸೇನೆಗೆ ಇನ್ನೂ ಎತ್ತರದವರು ಬೇಕಾಗುತ್ತಾರೇನೋ ಎಂದುಕೊಂಡಿರಬೇಕು.

ಪೆನ್ಸಿಲಿನಲ್ಲಿ ಅವರ ಕೈ ಚೆನ್ನಾಗಿತ್ತು. ಧಾರವಾಡಕ್ಕೆ ಹೋಗಿ ಡ್ರಾಯಿಂಗ್ ಪರೀಕ್ಷೆ ಕಟ್ಟಿದರು. ಬಣ್ಣದ ಟ್ಯೂಬಿನ ಮೇಲೆ ಹೆಸರಿರುತ್ತದೆ, ಎಲೆಗೆ ಯಾವುದು ಹೂವಿಗೆ ಯಾವುದು ಎಂದು ಪುಸ್ತಕದಲ್ಲಿರುತ್ತದೆ, ಪಾಸಾದರು. ನೌಕರಿಯೂ ಸಿಕ್ಕಿತು. ಅದೂ ಯಾವ ಊರಿನಲ್ಲಿ. ಊರಿಗೆ ಊರೇ ಮೆಣಸಿನಕಾಯಿಯ ಕೆಂಪಿನ ಮೇಲೆ ಬದುಕುವ ಬ್ಯಾಡಗಿಯಲ್ಲಿ. ಅಲ್ಲಿ ಕೂಸು ಕೂಡ ರಾಶಿ ನೋಡಿ ಬಣ್ಣ ಹೇಳುತ್ತದೆ. ಇವರು ಮೂಸಿ ನೋಡಿ, ಸಿಪ್ಪೆಯ ಸುಕ್ಕು ಮುಟ್ಟಿ ನೋಡಿ ಮೆಣಸಿನಕಾಯಿ ಕೊಳ್ಳುತ್ತಿದ್ದರು. ಅದನ್ನು ಜನ ದೊಡ್ಡ ಜಾಣತನ ಎಂದು ತಿಳಿದಿದ್ದರು. ಶಾಲೆಯಲ್ಲಿ ಯಾವುದೋ ಹುಡುಗಿ ಕಂದು ಬಣ್ಣದ ಗಿಳಿ ಬರೆದಿದ್ದಕ್ಕೆ ಇವರು ಪೂರ್ತಿ ಅಂಕ ಕೊಟ್ಟಿದ್ದರು. ಮಾಸ್ತರರದು ಧಾರಾಳ ಕೈ ಎಂದು ನಾವೆಲ್ಲ ನಕ್ಕಿದ್ದು ನನಗೆ ಆಗ ನೆನಪಾಯಿತು.

ಅವರಿಗೆ ಹೆದರಿಕೆ ಇತ್ತು. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ವಿಷಯ ಹೊರಬಿದ್ದರೆ ಇಷ್ಟು ವರ್ಷ ಸುಳ್ಳು ಹೇಳಿ ಸಂಬಳ ತಿಂದ ಎನ್ನುತ್ತಾರೆ, ಪೆನ್ಶನ್ನಿಗೆ ಕೈ ಹಾಕುತ್ತಾರೆ ಎಂಬುದು ಅವರ ಎಣಿಕೆ. ಹಾಗೆಲ್ಲ ಆಗುವುದಿಲ್ಲ ಎಂದು ನಾನು ಹೇಳಿದೆ. ಹೇಳಿದೆನೇ ಹೊರತು ನನಗೂ ಖಾತ್ರಿ ಇರಲಿಲ್ಲ. ನಮ್ಮ ಹೆಡ್‌ಮಾಸ್ತರರು ಕೆಟ್ಟವರಲ್ಲ, ಆದರೆ ಬಾಯಿ ನಿಲ್ಲುತ್ತಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ಮರುದಿನ ಪ್ರಾರ್ಥನೆಯ ಹೊತ್ತಿಗೆ ಊರಿಗೆಲ್ಲ ಗೊತ್ತು. ಮೇಲಿನವರಿಗೆ ಬರೆಯುವ ಚಟವೂ ಇತ್ತು.

“ಪೆನ್ಶನ್ ಹೋದ್ರ ಹೋಗ್ಲಿ ಅಂತೇನಿ ಒಮ್ಮೊಮ್ಮೆ,” ಎಂದು ಮಾಸ್ತರರು ಡಬ್ಬಿಗಳನ್ನು ಮುಚ್ಚುತ್ತ ಹೇಳಿದರು. “ಹುಡುಗ್ರು ಏನಂತಾವ್ರಿ? ಈ ಕುರುಡ ಮಾಸ್ತರ ನಮಗ ಬಣ್ಣಾ ಕಲಿಸಿದಾ ಅನ್ನೂದಿಲ್ಲ?”

ನಾನು ಯಾರಿಗೂ ಹೇಳಲಿಲ್ಲ. ಮುಂದಿನ ಭಾನುವಾರ ಪಡಸಾಲೆಯಲ್ಲಿ ಪಕ್ಕಕ್ಕೆ ಕುಳಿತು, ಇದು ಹಸಿರು, ಇದು ಕಂದು ಎಂದು ಹೇಳುತ್ತ ಹೋದೆ, ಅವರು ಬಳಿದರು. ರೆಕ್ಕೆಯ ಮೇಲಿನ ದುಂಡು ಗುರುತನ್ನು ಮಾತ್ರ ನನ್ನನ್ನು ಕೇಳದೆ ತಾವೇ ಬರೆದರು. ಕೆಂಪು ಜಪಾನಿನವರ ಗುರುತಾದ್ದರಿಂದ ಆಗ ನಮ್ಮ ಕಡೆ ಹಾರುವ ವಿಮಾನಗಳಲ್ಲಿ ಕೆಂಪನ್ನು ಅಳಿಸಿ ಬರೀ ನೀಲಿ ಇಟ್ಟಿದ್ದರಂತೆ. ಅದನ್ನು ಹೇಳುವಾಗ ಅವರಿಗಿದ್ದ ಹಿಗ್ಗು ನೋಡಬೇಕಿತ್ತು.

ಉಳಿದದ್ದು ಹಾರಿಸುವುದು. ಒಮ್ಮೆಯಾದರೂ ತಮ್ಮ ಕೈಯಿಂದಲೇ ಹಾರಿಸಬೇಕು ಎಂಬುದು ಅವರ ಹಟ. ಅದರಲ್ಲಿ ಒಂದು ಪೇಚಿದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡವೂ ನಮ್ಮ ಎಡವೂ ಒಂದೇ. ಅದು ನಮ್ಮ ಕಡೆ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಆ ಕ್ಷಣದಲ್ಲಿ ಹೆಬ್ಬೆರಳು ತಪ್ಪಿದರೆ ಮುಗಿಯಿತು. ಇದನ್ನು ರೂಢಿಸಿಕೊಳ್ಳಲು ಮಾಸ್ತರರು ಸಂಜೆ ನನ್ನ ಜೊತೆ ಮೋಟೆಬೆನ್ನೂರಿನ ತನಕ ಬಂದು, ಹೆದ್ದಾರಿಯ ಪಕ್ಕದಲ್ಲಿ ಒಂದು ಬೆಂಕಿಪೆಟ್ಟಿಗೆ ಹಿಡಿದು ನಿಲ್ಲುತ್ತಿದ್ದರು. ಎದುರಿಗೆ ಬರುವ ಬಸ್ಸು ಲಾರಿಗಳನ್ನೆಲ್ಲ ಬೆಂಕಿಪೆಟ್ಟಿಗೆಯ ಮೇಲೆ ಹೆಬ್ಬೆರಳು ಒತ್ತಿ ಇವರೇ ನಡೆಸುತ್ತಿದ್ದರು. ನಾನು ನನ್ನ ಬಸ್ಸು ಹತ್ತಿ ಕಿಟಕಿಯಿಂದ ನೋಡಿದರೆ ಅದನ್ನೂ ಜಾಗ್ರತೆಯಿಂದ ಹಾವೇರಿಯ ಕಡೆಗೆ ತಿರುಗಿಸುತ್ತಿದ್ದರು.

ಅಷ್ಟರಲ್ಲಿ ಹಡಗಿನವನು ರಜೆಗೆ ಬಂದ. ಯಾವುದೋ ಬಂದರಿನಲ್ಲಿ ಇಂಥವನ್ನು ಹಾರಿಸುವವರ ಜೊತೆ ಸೇರಿ ಅವನೂ ಸ್ವಲ್ಪ ಕಲಿತಿದ್ದ. ಆಕಾಶದಲ್ಲಿ ದೂರ ಹೋದರೆ ವಿಮಾನ ಕಪ್ಪು ಚುಕ್ಕೆಯಾಗುತ್ತದೆ, ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ, ಅದಕ್ಕೇ ಕೆಳಗಡೆ ಎರಡು ರೆಕ್ಕೆಗೂ ಬೇರೆ ಬೇರೆ ಬಣ್ಣ ಬಳಿಯಬೇಕು ಎಂದ. ಹಡಗಿನ ದೀಪಗಳ ಪದ್ಧತಿ ಅವನಿಗೆ ಕೈಗೆ ಕೂತಿತ್ತು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಗುರುಗಳ ಕೈಗೆ ಡಬ್ಬಿ ಕೊಟ್ಟು, ತಾನೇ ಕುಂಚ ಹಿಡಿದು, ಒಂದು ಸಂಜೆಯಲ್ಲಿ ನೀಟಾಗಿ ಬಳಿದುಬಿಟ್ಟ. ಹೇಗಿದೆ ಸರ್ ಎಂದು ಕೇಳಿದ. ಚಂದ ಕಾಣುತ್ತದೆ ಎಂದು ಇವರು ಹೇಳಿದರು.

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ನನಗೆ ಹೇಳುವಾಗ ಚಹಾದಲ್ಲಿ ಚಮಚ ತಿರುವಿದ್ದೇ ತಿರುವಿದ್ದು. ಅವನಿಗೊಬ್ಬನಿಗೆ ನಿಜ ಹೇಳಿ ಬಣ್ಣ ಬದಲಿಸಿರಿ ಎಂದೆ. ಆಗುವುದಿಲ್ಲ ಎಂದರು. ಅವನ ಕೈ ಹಿಡಿದು ಬಣ್ಣ ಹಾಕಿಸಿದವರು ಇವರು, ಅವನ ಮುಂದೆ ಹೇಳುವುದು ಹೆಡ್‌ಮಾಸ್ತರರ ಮುಂದೆ ಹೇಳಿದ್ದಕ್ಕಿಂತ ಕಷ್ಟ. ಹಾಗಾದರೆ ಅವನೇ ಹಾರಿಸಲಿ ಎಂದೆ. ಅವನೂ ಹಾಗೇ ಕೇಳಿದ್ದನಂತೆ.

“ಮುಟ್ಟಿ ಬಿಟ್ಟೇನ್ರಿ ಬಾಯಾರ, ಸಣ್ಣಾಂವ ಇದ್ದಾಗ. ಒಮ್ಮೆ ಹಾರಸ್ತೇನಿ. ದೂರ ಬಿಡೂದಿಲ್ಲ, ಕಣ್ಣಾಗ ಇಟ್ಕೊಂಡ ಹಾರಸ್ತೇನಿ.”

ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಎಂದು ಗೊತ್ತಾಯಿತು. ಕುಪ್ಪೇಲೂರಿನ ಆ ನೆಲದ ಮೇಲೆ ಈಗ ಪಂಪ್‌ಸೆಟ್ಟಿನ ವಿದ್ಯುತ್ ತಂತಿ ಹಾದುಹೋಗಿದ್ದವು, ಅದಕ್ಕೇ ಮೋಟೆಬೆನ್ನೂರಿನ ಹತ್ತಿರ ಜೋಳ ಕೊಯ್ದ ಹೊಲವೊಂದನ್ನು ಆರಿಸಿದರು. ನಾವು ಮೂವರೇ ಎಂದು ಮಾತಾಗಿತ್ತು. ಆದರೆ ಹಡಗಿನವನು ಖುಷಿಯಲ್ಲಿ ಕಂಡಕಂಡವರಿಗೆ ಹೇಳಿಬಿಟ್ಟಿದ್ದ. ನಾವು ಹೋಗುವ ಹೊತ್ತಿಗೆ ಅರ್ಧ ಶಾಲೆ ಬದುವಿನ ಮೇಲೆ ಕೂತಿತ್ತು. ಹೆಡ್‌ಮಾಸ್ತರರು ಕೋಟು ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದರು.

ಮಾಸ್ತರರ ಮುಖ ಇಳಿದುಹೋಯಿತು. ವಿಮಾನದ ಸುತ್ತ ತಿರುಗುತ್ತ ತಿರುಪು ಬಿಗಿದರು, ಬಿಗಿದದ್ದನ್ನು ಸಡಿಲಿಸಿ ಮತ್ತೆ ಬಿಗಿದರು. ಬಾಲದ ಪಟ್ಟಿ ಅಲುಗಾಡಿಸಿ ನೋಡಿದರು. ನನಗೆ ತಡೆಯಲಾಗಲಿಲ್ಲ, ಹಾರಿಸುವುದಿದ್ದರೆ ಹಾರಿಸಿರಿ, ಇಲ್ಲವಾದರೆ ಮನೆಗೆ ಹೋಗೋಣ ಎಂದು ಗದರಿದೆ. ಅವರು ಪೆಟ್ಟಿಗೆ ಎತ್ತಿಕೊಂಡರು. ನಾನು ಅವರ ಎಡಕ್ಕೆ ನಿಂತೆ, ಹೆಡ್‌ಮಾಸ್ತರರು ಬೆನ್ನ ಹಿಂದೆ.

ಹಡಗಿನವನು ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದು ಗಾಳಿಗೆ ಎದುರಾಗಿ ಬಹಳ ದೂರ ಓಡಿ ಅದನ್ನು ಮೇಲಕ್ಕೆ ಬಿಟ್ಟ. ಅದು ಒಮ್ಮೆ ನೆಲಕ್ಕೆ ಕುಸಿದಂತಾಗಿ ಎದ್ದಿತು. ಆಮೇಲೆ ಏರಿತು. ಔಡಲೆಣ್ಣೆಯ ವಾಸನೆ ಹೊಲದ ತುಂಬ ಹರಡಿತು. ನಮ್ಮ ತಲೆಯ ಮೇಲೆ ಒಂದು ದೊಡ್ಡ ಸುತ್ತು ಬಂದಾಗ ಮಾಸ್ತರರು ಬಾಯಿ ತೆರೆದು ನಿಂತಿದ್ದರು, ಮಜ್ಜಿಗೆ ಕುಡಿದ ಆ ತರುಣನೇ ಬಂದಂತೆ.

ಎರಡನೆಯ ಸುತ್ತಿಗೆ ಗಾಳಿ ಜೋರಾಯಿತು. ವಿಮಾನ ಪಕ್ಕಕ್ಕೆ ಸರಿಯುತ್ತ ಸರಿಯುತ್ತ ಹೆದ್ದಾರಿಯ ಕಡೆಗೆ ಹೋಗಿ ಬೆರಳುದ್ದವಾಯಿತು. ಇವರು ಕಡ್ಡಿ ಎಡಕ್ಕೆ ಒತ್ತಿದರು, ಅದು ಬೇಡದ ಕಡೆಗೆ ವಾಲಿತು. ಬಲಕ್ಕೆ ಒತ್ತಿದರು, ಇನ್ನಷ್ಟು ಕೆಳಗೆ ಬಂತು. ಬರುತ್ತಿದೆಯೋ ಹೋಗುತ್ತಿದೆಯೋ ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ನನಗೆ ಎರಡು ಬಣ್ಣವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಕೆಂಪು ಬಲಗಡೆ ಇತ್ತು, ಅಂದರೆ ಅದು ನಮ್ಮ ಕಡೆಗೇ ಬರುತ್ತಿತ್ತು. ತುದಿಗಾಲ ಮೇಲೆ ನಿಂತು ಅವರ ಕಿವಿಯಲ್ಲಿ ಹೇಳಿದೆ. ಗಾಳಿಗೆ, ಮಕ್ಕಳ ಗದ್ದಲಕ್ಕೆ ಅವರಿಗೆ ಕೇಳಲಿಲ್ಲ. ಕೂಗಿ ಹೇಳಿದರೆ ಕೇಳುತ್ತದೆ, ಆದರೆ ಹಿಂದೆ ಹೆಡ್‌ಮಾಸ್ತರರು ನಿಂತಿದ್ದಾರೆ. ಇಷ್ಟು ವರ್ಷ ಅವರು ಮುಚ್ಚಿಟ್ಟದ್ದನ್ನು ಬಿಚ್ಚಲು ನಾನು ಯಾರು? ತುಟಿ ಕಚ್ಚಿ ನಿಂತೆ. ವಿಮಾನ ಇನ್ನೂ ಕೆಳಗೆ ಬಂತು.

ಮಾಸ್ತರರು ಕಣ್ಣನ್ನು ಆಕಾಶದಿಂದ ಕೀಳದೆ ಮಾತಾಡಿದರು. ಹಿಂದಿನ ಬೆಂಚಿಗೆ ಮುಟ್ಟುವ ದನಿ ಅದು.

“ಬಾಯಾರ, ಜೋರಾಗಿ ಹೇಳ್ರಿ. ನನಗ ಕೆಂಪು ಹಸರು ತಿಳಿಯೂದಿಲ್ಲ.”

ಎಲ್ಲರಿಗೂ ಕೇಳಿತು. ಬದುವಿನ ಮೇಲಿನ ಗದ್ದಲ ನಿಂತಿತು. ನಾನು ಇದ್ದಬಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದೆ.

“ಕೆಂಪು ಬಲಕ್ಕ ಐತ್ರಿ ಸರ್. ನಮ್ಮ ಕಡೆ ಬರಾಕತ್ತೈತಿ.”

ಅವರ ಹೆಬ್ಬೆರಳು ಸರಿಯಿತು. ವಿಮಾನ ಜೋಳದ ಕೂಳೆಯ ಮೇಲೆ ಆಳೆತ್ತರದಲ್ಲಿ ಬಂದು ಮೂಗು ಎತ್ತಿ ಏರಿತು. ನಮ್ಮನ್ನು ದಾಟಿ ಹೋಯಿತು. ನಾನು ಕೆಂಪು ಎಡಕ್ಕ ಎಂದು ಕೂಗುವಷ್ಟರಲ್ಲಿ ಹಿಂದಿನಿಂದ ಒಂದು ಹುಡುಗಿಯ ದನಿಯೂ ಅದನ್ನೇ ಕೂಗಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲ ಮಕ್ಕಳೂ ಎದ್ದು ನಿಂತರು. ಅದು ತಿರುಗಿದಾಗೊಮ್ಮೆ ಕೆಂಪು ಬಲಕ್ಕ, ಕೆಂಪು ಎಡಕ್ಕ ಎಂದು ಬದು ತುಂಬ ಕೂಗು. ಅವರು ಬಣ್ಣ ಕಲಿಸಿದ ಮಕ್ಕಳು ಅವರಿಗೆ ಬಣ್ಣ ಹೇಳುತ್ತಿದ್ದವು, ಮಾಸ್ತರರು ಆ ಕೂಗಿನ ಮೇಲೆಯೇ ವಿಮಾನ ನಡೆಸುತ್ತಿದ್ದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಹಿಂದೆ ತಿರುಗಿ ನೋಡಿದರೆ ಹೆಡ್‌ಮಾಸ್ತರರೂ ಕತ್ತು ಎತ್ತಿ, ಒಂದು ಕೈಯಲ್ಲಿ ಕೋಟು ಹಿಡಿದು ಕೂಗುತ್ತಿದ್ದರು.

ಎಣ್ಣೆ ಮುಗಿದು ಇಂಜಿನ್ನು ನಿಂತಿತು. ವಿಮಾನ ತೇಲುತ್ತ ಬಂದು ಕೂಳೆಯ ನಡುವೆ ಹೊಟ್ಟೆಯ ಮೇಲೆ ಇಳಿಯಿತು. ಒಂದು ರೆಕ್ಕೆಯ ತುದಿ ಸಿಗಿದುಹೋಯಿತು, ಉಳಿದದ್ದೆಲ್ಲ ನೆಟ್ಟಗಿತ್ತು.

ಮಾಸ್ತರರು ಪೆಟ್ಟಿಗೆ ಕೆಳಗಿಡಲಿಲ್ಲ. ಮುಗಿಯಿತಲ್ಲ, ಇನ್ನು ಬರಲಿ ಎಂಬಂತೆ ಹೆಡ್‌ಮಾಸ್ತರರ ಕಡೆ ತಿರುಗಿ ನಿಂತರು. ಹೆಡ್‌ಮಾಸ್ತರರು, ಹಾಗಾದರೆ ಇಷ್ಟು ವರ್ಷ, ಎಂದು ಸುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಅವರು ಮುಂದೆಯೂ ಯಾರಿಗೂ ಏನೂ ಬರೆಯಲಿಲ್ಲ, ಪೆನ್ಶನ್ನು ಸರಿಯಾಗಿಯೇ ಬಂತು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೆ ಆ ಕ್ಷಣದಲ್ಲಿ ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಮಾಸ್ತರರ ಮುಖದಲ್ಲಿ ರಕ್ತವಿರಲಿಲ್ಲ.

ಹಡಗಿನವನು ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೂಳೆಯಲ್ಲಿ ಎಡವುತ್ತ ಓಡಿಬಂದ. ಮಾಸ್ತರರ ಮಾತು ಅವನಿಗೆ ಕೇಳಿರಲಿಲ್ಲ, ಮಕ್ಕಳ ಕೂಗು ಕೇಳಿತ್ತು, ಅದರಿಂದಲೇ ತಿಳಿದುಕೊಂಡಿದ್ದ. ತಾನು ಬಳಿದ ಕೆಂಪನ್ನೂ ಹಸಿರನ್ನೂ ಒಮ್ಮೆ ನೋಡಿದ, ಗುರುಗಳ ಮುಖ ನೋಡಿದ. ಏದುಸಿರು ಬಿಡುತ್ತ ವಿಮಾನವನ್ನು ಕೂಳೆಯ ಮೇಲೆ ಇಳಿಸಿದ.

“ಸರ್,” ಅಂದ. “ನಿಮಗ ಯಾವ ಯಾವ ಬಣ್ಣ ಕಾಣ್ತಾವ್ರಿ?”

ಬೆಂಗಳೂರಿನ ಡಾಕ್ಟರರು ಅದನ್ನು ಕೇಳಿರಲಿಲ್ಲ. ವಿಜ್ಞಾನ ಕಲಿಸುವ ನಾನೂ ಕೇಳಿರಲಿಲ್ಲ. ಮಾಸ್ತರರು ಅವನನ್ನು ನೋಡಿದರು, ಬದುವಿನ ಮೇಲೆ ನಿಂತ ಮಕ್ಕಳನ್ನು ನೋಡಿದರು.

“ನೀಲಿ ಕಾಣ್ತೈತಿ,” ಅಂದರು. “ಹಳದಿ ಭಾಳ ಚಂದ ಕಾಣ್ತೈತಿ. ರಾಣೆಬೆನ್ನೂರ ದಾರ್ಯಾಗ ಸೂರ್ಯಕಾಂತಿ ಹೊಲಾ ಹೂ ಬಿಟ್ಟಿರತಾವಲ್ಲ, ಅದು ನನಗ ಹೆಂಗ ಕಾಣ್ತೈತಿ ಅಂದ್ರ…”

ಮಕ್ಕಳು ಒಬ್ಬೊಬ್ಬರಾಗಿ ಬದುವಿನಿಂದ ಇಳಿದು ಹತ್ತಿರ ಬಂದವು. ಅವರು ಹೇಳುತ್ತಲೇ ಹೋದರು. ಹೆಡ್‌ಮಾಸ್ತರರೂ ಸೇರಿ ನಾವೆಲ್ಲ ಬಿಸಿಲಲ್ಲಿ ನಿಂತು ಕೇಳಿದೆವು.